ಸೀಟಿ ಇಲ್ಲದ ಡಿಪೋ

"ಆಕೆಗೆ ಕಿವಿ ಕೇಳಿಸೋದಿಲ್ಲ ಅಂತ ಮೊದಲೇ ಯಾಕ್ರೀ ಹೇಳಲಿಲ್ಲ?"

"ನೀವು ಕೇಳಲಿಲ್ವಲ್ಲ ಸಾರ್," ಎಂದ ಕಂಡಕ್ಟರ್.

ಡಿಪೋ ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡರು. ಎದುರಿನ ಕುರ್ಚಿಯ ತುದಿಯಲ್ಲಿ ಕಂಡಕ್ಟರನ ತಂಗಿ ಕೂತಿದ್ದಳು. ಇಸ್ತ್ರಿ ಮಾಡಿದ ಬಟ್ಟೆ, ಬಿಗಿಯಾಗಿ ಹೆಣೆದ ಜಡೆ, ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡ ಕೈಗಳು. ಮ್ಯಾನೇಜರು ಬಾಯಿ ತೆರೆದರೆ ಅವರ ಮುಖ ನೋಡುತ್ತಿದ್ದಳು, ಅಣ್ಣ ಬಾಯಿ ತೆರೆದರೆ ಅಣ್ಣನ ಮುಖ.

"ಬಸ್ ತೊಳೆಯೋದು ಅಂದ್ರೆ ಮನೇಲಿ ಪಾತ್ರೆ ತೊಳೆದ ಹಾಗೆ ಅಂದ್ಕೊಂಡ್ರಾ? ಹಿಂದೆ ಮುಂದೆ ಗಾಡಿಗಳು ಓಡಾಡ್ತಾ ಇರ್ತವೆ. ರಿವರ್ಸ್ ಬರುವಾಗ ಸೀಟಿ ಊದ್ತಾರೆ. ಈಕೆಗೆ ಸೀಟಿ ಕೇಳಿಸುತ್ತಾ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರ ಕುತ್ತಿಗೆಗೆ ಬರುತ್ತೆ? ನನ್ನ ಕುತ್ತಿಗೆಗೆ."

ತಂಗಿ ಅಣ್ಣನತ್ತ ತಿರುಗಿ ಹುಬ್ಬು ಹಾರಿಸಿದಳು, ಏನಂತೆ ಎನ್ನುವ ಹಾಗೆ.

ಕಂಡಕ್ಟರ್ ಕೈಯಾಡಿಸಿದ. 'ಕೆಲಸ ಕಷ್ಟದ್ದು, ಮೈಯೆಲ್ಲ ಒದ್ದೆಯಾಗುತ್ತೆ, ಆಗುತ್ತಾ ಅಂತ ಕೇಳ್ತಿದ್ದಾರೆ.'

ಅವಳ ಕೈಗಳು ಮಡಿಲಿನಿಂದ ಎದ್ದವು. 'ಒದ್ದೆಯಾದರೆ ಒಣಗುತ್ತೆ ಅಂತ ಹೇಳು.'

"ಏನಂತಾಳೆ?" ಎಂದರು ಮ್ಯಾನೇಜರು.

"ನಿಮ್ಮ ಡಿಪೋ ತುಂಬ ಚೊಕ್ಕಟವಾಗಿದೆ ಅಂತಾಳೆ ಸಾರ್."

ಮ್ಯಾನೇಜರು ಕಿಟಕಿಯಾಚೆ ನೋಡಿದರು. ಎಣ್ಣೆ ಬೆರೆತ ನೀರು ಅಂಗಳದ ತುಂಬ ಬಣ್ಣ ಬಣ್ಣವಾಗಿ ಹರಿಯುತ್ತಿತ್ತು. ಹರಿದ ಟಿಕೆಟ್ಟುಗಳು, ಟೈರಿನ ಚೂರುಗಳು, ಯಾರದೋ ಒಂಟಿ ಚಪ್ಪಲಿ. ತಡೆದುಕೊಳ್ಳಲಾಗದೆ ನಕ್ಕುಬಿಟ್ಟರು. ನಕ್ಕ ಮೇಲೆ ಒಬ್ಬರಿಗೆ ಎದ್ದು ಹೋಗಿ ಎನ್ನುವುದು ಕಷ್ಟ. ಕಂಡಕ್ಟರಿಗೆ ಅದು ಗೊತ್ತಿತ್ತು. ಚಿಲ್ಲರೆ ಇಲ್ಲದ ಪ್ರಯಾಣಿಕರನ್ನೂ, ಚಿಲ್ಲರೆಗಾಗಿ ಜಗಳಕ್ಕೆ ನಿಂತವರನ್ನೂ ಅವನು ನಗಿಸಿಯೇ ಇಳಿಸುತ್ತಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡಕ್ಕ ಕಾಣಿಸಿಕೊಂಡಳು. ಬಸ್ ತೊಳೆಯುವ ಹೆಂಗಸರ ಮುಂದಾಳು ಅವಳು. ಅವಳಿಗಿಂತ ಹಿರಿಯರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಕೂದಲು ಉದುರಿದ ಬ್ರಷ್ ಒಂದನ್ನು ತೋರಿಸಿ ಬೈದು ಹೋಗಲು ಬಂದವಳು, ಕೂತಿದ್ದ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವಳೇನಾ? ನನ್ನ ಸಾಲಿಗೆ ಹಾಕಿ ಸಾರ್. ಜನ ಸಾಕಾಗ್ತಿಲ್ಲ ಅಂತ ಎಷ್ಟು ಸಲ ಬಾಯಿ ಬಡ್ಕೊಂಡೆ."

"ಕಿವಿ ಕೇಳಿಸಲ್ಲವಂತೆ."

"ಕೇಳಿಸೋರು ಇದ್ದಾರಲ್ಲ, ಅವರು ನನ್ನ ಮಾತು ಕೇಳ್ತಾರಾ?" ಎಂದಳು ದೊಡ್ಡಕ್ಕ.

ಹೀಗೆ, ಡಾಕ್ಟರ ತಪಾಸಣೆ ಆಗುವ ತನಕ ತಾತ್ಕಾಲಿಕ ಎಂಬ ಮಾತಿನ ಮೇಲೆ, ಅವಳಿಗೆ ನಗರಸಭೆಯ ಬಸ್ ಡಿಪೋದಲ್ಲಿ ಕೆಲಸ ಸಿಕ್ಕಿತು.

ಆಗಿನ್ನೂ ಊರಿನ ಬಸ್ಸುಗಳನ್ನು ನಗರಸಭೆಯೇ ಓಡಿಸುತ್ತಿತ್ತು. ಕೆಂಪು ಮೈ, ಕಿಟಕಿಯ ಕೆಳಗೊಂದು ಕೆನೆ ಬಣ್ಣದ ಪಟ್ಟಿ. ಒಳಗೆ ಉದ್ದಕ್ಕೂ ಕಟ್ಟಿದ ಹಗ್ಗ; ಎಳೆದರೆ ಡ್ರೈವರನ ತಲೆಯ ಮೇಲೆ ಗಂಟೆ. ಮರದ ಸೀಟುಗಳು ಜನ ಕೂತು ಕೂತು ಕನ್ನಡಿಯಂತೆ ನುಣುಪಾಗಿದ್ದವು. ತಿರುವಿನಲ್ಲಿ ಕಿಟಕಿಯ ಪಕ್ಕದವರು ಗಟ್ಟಿಯಾಗಿ ಹಿಡಿದುಕೊಳ್ಳದಿದ್ದರೆ ಪಕ್ಕದವರ ಮಡಿಲಿಗೆ ಬಂದು ಬೀಳುತ್ತಿದ್ದರು. ಆ ಬಸ್ಸುಗಳಲ್ಲಿ ಓಡಾಡಿದವರಿಗೆ ಇವತ್ತಿಗೂ ಡೀಸೆಲ್ಲೂ ಒದ್ದೆ ಧೂಳೂ ಬೆರೆತ ಆ ವಾಸನೆ ಎಲ್ಲಾದರೂ ಮೂಗಿಗೆ ತಾಗಿದರೆ, ಶಾಲೆಯ ಚೀಲ ಹೆಗಲಿಗೇರಿದ ಹಾಗಾಗುತ್ತದೆ.

ಡಿಪೋ ಸೇರುವ ಮೊದಲು ತಂಗಿ ನಗರಸಭೆಯ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿದ್ದಳು. ಸಸಿ ಬೆಳೆಸುವ ತೋಟ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ, ಗ್ರಂಥಾಲಯದಲ್ಲಿ ಧೂಳು ಹೊಡೆಯುವ ಕೆಲಸ. ಹೋದಲ್ಲೆಲ್ಲ ಅಣ್ಣ ಜೊತೆಗಿರಬೇಕಾಗಿತ್ತು. ಅವಳ ಕೈಮಾತನ್ನು ಯಾವ ಶಾಲೆಯೂ ಕಲಿಸಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಅಮ್ಮನೂ ಅಣ್ಣನೂ ಅವಳೂ ಅಡುಗೆಮನೆಯಲ್ಲಿ ಕೂತು ಕಟ್ಟಿಕೊಂಡ ಮಾತು ಅದು. ಅಮ್ಮ ತೀರಿಕೊಂಡ ಮೇಲೆ ಲೋಕದಲ್ಲಿ ಆ ಮಾತು ಪೂರ್ತಿ ಬಲ್ಲವನು ಅಣ್ಣ ಒಬ್ಬನೇ. ಅತ್ತಿಗೆಗೆ ಊಟ, ನೀರು, ಬಾಗಿಲು ಹಾಕು, ಮಗು ಎದ್ದಿದೆ, ಇಷ್ಟು ಬರುತ್ತಿತ್ತು.

ಆ ಕಚೇರಿಗಳಲ್ಲಿ ಜನ ಏನು ಹೇಳಿದರೋ ಅದನ್ನು ಅವನು ಯಾವತ್ತೂ ಅವಳಿಗೆ ಹಾಗೇ ದಾಟಿಸಿದವನಲ್ಲ. ತೋಟದಲ್ಲಿ, ಜಾಗ ಖಾಲಿ ಇಲ್ಲವಂತೆ ಅಂದ. ಗ್ರಂಥಾಲಯದಲ್ಲಿ, ಮುಂದಿನ ವರ್ಷ ಬಾ ಅಂದರು ಅಂದ. ಆಸ್ಪತ್ರೆಯಲ್ಲಿ ಮಾತ್ರ, ಆ ದಪ್ಪ ಹೆಂಗಸು ಕೈ ಕೈ ಬೀಸಿ ಕೂಗಾಡಿದ್ದನ್ನು ತಂಗಿ ಕಣ್ಣಾರೆ ಕಂಡಿದ್ದರಿಂದ ಏನಾದರೂ ಹೇಳಲೇಬೇಕಾಗಿ ಬಂತು. 'ನಿನ್ನ ತೋಳು ಸಣ್ಣ, ಒದ್ದೆ ಬಟ್ಟೆ ಎತ್ತೋಕೆ ಕಸುವು ಬೇಕು ಅಂತಾಳೆ' ಎಂದು ಕೈಯಲ್ಲಿ ಹೇಳಿ ಹೊರಗೆ ಕರೆದುಕೊಂಡು ಬಂದಿದ್ದ. ಬಸ್ಸಿನಲ್ಲಿ ಮನೆಗೆ ಬರುವಾಗ, ಒಳ್ಳೆಯದನ್ನೇ ಮಾಡಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಬಸ್ ತೊಳೆಯುವ ಅಂಗಳ ಡಿಪೋದ ಹಿಂಬದಿಗಿತ್ತು. ಮಧ್ಯಾಹ್ನದ ಓಡಾಟ ಮುಗಿಸಿದ ಬಸ್ಸುಗಳು ಅಲ್ಲಿಗೆ ಬಂದು ಸಾಲಾಗಿ ನಿಲ್ಲುತ್ತಿದ್ದವು. ಇಬ್ಬರು ಒಳಗೆ, ಇಬ್ಬರು ಹೊರಗೆ. ಹೊರಗಿನವರು ರಬ್ಬರ್ ಪೈಪಿನಲ್ಲಿ ನೀರು ಹಾಯಿಸಿ, ಉದ್ದ ಹಿಡಿಯ ಬ್ರಷ್ಷಿನಲ್ಲಿ ಮೈ ತಿಕ್ಕಿ, ಅಂಟಿಸಿದ ಜಾಹೀರಾತುಗಳನ್ನು ಕೆರೆದು ತೆಗೆಯಬೇಕು. ಒಳಗಿನವರ ಪಾಡು ಬೇರೆ: ವಾಂತಿ, ಕಡಲೆ ಸಿಪ್ಪೆ, ಸೀಟಿನಡಿ ಮರೆತುಹೋದ ಕೊಡೆಗಳು. ಒಮ್ಮೆ ಹಿಂದಿನ ಸೀಟಿನಲ್ಲಿ ಪೂರ್ತಿ ಹಲ್ಲಿನ ಸೆಟ್ಟೇ ಸಿಕ್ಕಿ, ಕಳೆದುಕೊಂಡವರು ಹುಡುಕಿಕೊಂಡು ಬರುವ ತನಕ ಅದು ಮ್ಯಾನೇಜರ ಮೇಜಿನ ಮೇಲೆ ಗಾಜಿನ ಲೋಟದಲ್ಲಿ ನಗುತ್ತ ಕೂತಿತ್ತು.

ಅಲ್ಲಿನ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಒಂದು ಕಡೆ ಎಂಜಿನ್ ಪರೀಕ್ಷೆ, ಇನ್ನೊಂದು ಕಡೆ ತಗಡು ಬಡಿಯುವವರು, ನಡುವೆ ನೀರಿನ ಪಂಪು. ಸೋಪು ಬೇಕಾದರೆ ಹತ್ತಿರ ಹೋಗಿ ಕಿವಿಯಲ್ಲಿ ಕಿರುಚಬೇಕು. ತಂಗಿ ಬಂದು ವಾರ ಕಳೆಯುವುದರೊಳಗೆ ದೊಡ್ಡಕ್ಕ ಅಂಗಳದ ಆಚೆ ತುದಿಯಿಂದಲೇ ಎರಡು ಅಂಗೈ ಉಜ್ಜಿ ತೋರಿಸಿ ಸೋಪು ತರಿಸಿಕೊಂಡಳು. ಕಿರುಚುವ ಕಷ್ಟ ತಪ್ಪಿತಲ್ಲ ಎಂದು ಎಲ್ಲರಿಗೂ ಅದು ಹಿಡಿಸಿತು. ಆಮೇಲೆ ಒಂದೊಂದೇ ಸನ್ನೆ ಬಂತು: ನೀರು ನಿಲ್ಲಿಸು, ಈ ಕಡೆ ಇನ್ನೂ ಕೊಳೆ ಇದೆ, ಮ್ಯಾನೇಜರು ಬರುತ್ತಿದ್ದಾರೆ.

ಮ್ಯಾನೇಜರಿಗೆ ಅವಳು ಇಟ್ಟ ಹೆಸರು ಕನ್ನಡಕ ತೆಗೆದು ಕಣ್ಣುಜ್ಜುವುದು. ದೊಡ್ಡಕ್ಕನಿಗೆ, ತೋಳು ಮೇಲಕ್ಕೆ ಮಡಚುವುದು. ಅಣ್ಣನಿಗೆ ಚಿಕ್ಕಂದಿನಿಂದ ಇದ್ದ ಹೆಸರೇ: ಎಡ ಹುಬ್ಬಿನ ಮೇಲೆ ಬೆರಳು, ಅಲ್ಲಿ ಹಳೆಯ ಗಾಯದ ಗುರುತಿತ್ತು. ತೊಳೆಯುವವರಲ್ಲಿ ಒಬ್ಬಳಿಗೆ ಮೊದಲೇ ರೇಡಿಯೋ ಎಂಬ ಹೆಸರಿತ್ತು, ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ತಂಗಿ ಅವಳ ಬಾಯಿಯ ಪಕ್ಕ ರೇಡಿಯೋದ ಗುಂಡಿ ತಿರುಗಿಸುವ ಸನ್ನೆ ಮಾಡಿದಾಗ ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ವಿಚಿತ್ರವೆಂದರೆ, ಕೈಮಾತನ್ನು ಎಲ್ಲರಿಗಿಂತ ಬೇಗ, ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಈ ರೇಡಿಯೋನೇ. ಅವಳ ಕಥೆಗಳನ್ನು ಕೇಳಿ ಕೇಳಿ ಎಲ್ಲರೂ ಬೇಸತ್ತಿದ್ದರು. ಈ ಹುಡುಗಿಗೆ ಎಲ್ಲವೂ ಹೊಸದು. ಊಟದ ಹೊತ್ತಿನಲ್ಲಿ ಇಬ್ಬರೂ ಟೈರುಗಳ ರಾಶಿಯ ಮೇಲೆ ಎದುರುಬದುರು ಕೂತರೆ, ತುತ್ತು ಎತ್ತುವುದಕ್ಕೂ ಕೈ ಬಿಡುವಾಗುತ್ತಿರಲಿಲ್ಲ.

"ನಿನ್ನ ತಂಗಿ ಮಾತಾಡಿ ಮಾತಾಡಿ ನನ್ನ ತಲೆ ತಿಂತಾಳೆ ಕಣಯ್ಯಾ," ಎಂದಳು ಒಮ್ಮೆ ದೊಡ್ಡಕ್ಕ ಕಂಡಕ್ಟರನ ಹತ್ತಿರ. ಅವನಿಗೆ ಹಾಗೆ ಯಾರೂ ಎಂದೂ ದೂರು ಹೇಳಿರಲಿಲ್ಲ. ಆ ದಿನವೆಲ್ಲ ಅವನು ಹಗ್ಗವನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಎಳೆದ.

ಮನೆಯಲ್ಲೂ ಅವಳು ಬದಲಾದಳು. ಮೊದಲು ಸಂಜೆಯ ಹೊತ್ತು ಅಣ್ಣನ ದಾರಿ ಕಾಯುತ್ತ ಕಿಟಕಿಯ ಪಕ್ಕ ಕೂತಿರುತ್ತಿದ್ದಳು. ಈಗ ಅವನಿಗಿಂತ ತಡವಾಗಿ ಬರುತ್ತಿದ್ದಳು, ಬಂದವಳೇ ಅಣ್ಣನ ಮಗುವನ್ನು ಎದುರಿಗೆ ಕೂರಿಸಿಕೊಂಡು ಡಿಪೋದ ಸುದ್ದಿಯನ್ನೆಲ್ಲ ಕೈಯಲ್ಲಿ ಹೇಳುತ್ತಿದ್ದಳು. ಅಣ್ಣನಿಗೆ ತಿಳಿಯದ ಸನ್ನೆಗಳು ಅದರಲ್ಲಿ ಬರತೊಡಗಿದವು.

'ಇದೇನು?' ಎಂದು ಕೇಳುತ್ತಿದ್ದ.

'ಅದಾ? ಅದು ರೇಡಿಯೋ ಮಾಡಿದ್ದು. ನಿನಗೆ ಗೊತ್ತಿಲ್ವಾ?'

ಅನಾಹುತ ಆದದ್ದು ಒಂದು ಮಧ್ಯಾಹ್ನ. ಕಂಡಕ್ಟರನ ಬಸ್ಸು ಅಂದು ತಡವಾಗಿ ಒಳಗೆ ಬಂತು. ಜನರ ಜೊತೆ ಗುದ್ದಾಡಿ ಅವನಿಗೂ ಡ್ರೈವರಿಗೂ ಸಾಕುಸಾಕಾಗಿತ್ತು. ಬಸ್ಸನ್ನು ಹಿಂದಕ್ಕೆ ತೆಗೆದು ತೊಳೆಯುವ ಸಾಲಿಗೆ ನಿಲ್ಲಿಸಬೇಕು. ಕಂಡಕ್ಟರ್ ಇಳಿದು ಹಿಂದೆ ಹೋಗಿ ನಿಂತು, ದಿನವೂ ಮಾಡುವ ಹಾಗೆ, ಸೀಟಿ ಬಾಯಿಗಿಟ್ಟುಕೊಂಡು ಊದಿದ. ಬಸ್ಸು ಹಿಂದಕ್ಕೆ ಸರಿಯಿತು.

ಪಕ್ಕದ ಬಸ್ಸಿನ ಚಕ್ರದ ಮರೆಯಿಂದ ಯಾರೋ ಬಗ್ಗಿಕೊಂಡು, ಬಕೆಟ್ಟನ್ನು ಎಳೆಯುತ್ತ, ಹಿಮ್ಮುಖವಾಗಿ ಈಚೆ ಬಂದರು. ಜಡೆ ಕಂಡಿತು. ತಂಗಿ ಎಂದು ಗುರುತು ಸಿಕ್ಕಿತು. ಗುರುತು ಸಿಕ್ಕ ಮೇಲೂ ಅವನು ಮಾಡಿದ್ದು ಒಂದೇ: ಇನ್ನೂ ಜೋರಾಗಿ ಊದಿದ. ಕೆನ್ನೆಯ ನರ ಉಬ್ಬುವಂತೆ ಊದಿದ. ಕಾಲು ನೆಲಕ್ಕೆ ಅಂಟಿತ್ತು, ಕೈ ಮೇಲೇಳಲಿಲ್ಲ. ಚಿಕ್ಕಂದಿನಿಂದ ಯಾರ ಜೊತೆ ಕೈಯಲ್ಲೇ ಮಾತಾಡಿದ್ದನೋ ಅವಳನ್ನು ಅವನು ಸೀಟಿ ಊದಿ ಕರೆಯುತ್ತಿದ್ದ.

ರೇಡಿಯೋ ಓಡಿಬಂದು ಬ್ರಷ್ಷಿನ ಹಿಡಿಯಿಂದ ಡ್ರೈವರನ ಬಾಗಿಲಿಗೆ ಧಡ್ ಎಂದು ಬಡಿದಳು. ಬ್ರೇಕು ಬಿತ್ತು. ಅಷ್ಟರಲ್ಲಿ ಬಸ್ಸಿನ ಹಿಂಭಾಗದ ಮೂಲೆ ತಂಗಿಯ ಹೆಗಲಿಗೆ ತಾಗಿ ಅವಳು ಸೋಪಿನ ನೀರಿನಲ್ಲಿ ಮುಗ್ಗರಿಸಿ ಬಿದ್ದಿದ್ದಳು.

ಹೆಗಲಿನ ಮೂಳೆ ಬಿರುಕು ಬಿಟ್ಟಿತ್ತು. ನಗರಸಭೆಯ ಆಸ್ಪತ್ರೆಯಲ್ಲಿ ಕಟ್ಟು ಹಾಕಿ ಬಲಗೈಯನ್ನು ಎದೆಗೆ ಬಿಗಿದರು. ಒಂದೇ ಕೈ ಉಳಿದರೆ ಅವಳ ಪಾಲಿಗೆ ಅರ್ಧ ಬಾಯಿ ಹೊಲಿದ ಹಾಗೆ. ಹಾಸಿಗೆಯ ಮೇಲೆ ಕೂತು ಎಡಗೈಯಲ್ಲಿ ತೊದಲುತ್ತಿದ್ದಳು. ಅಣ್ಣ ಎದುರಿಗೆ ಕೂತು, ತಿಳಿಯಿತು ಎಂದು ತಲೆಯಾಡಿಸುತ್ತಿದ್ದ. ಸೀಟಿ ಊದಿದವನು ಯಾರೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಅವನೂ ಹೇಳಲಿಲ್ಲ.

ಅತ್ತಿಗೆ ಅವನನ್ನು ಹೊರಗೆ ಕರೆದು ಹೇಳಿದಳು, "ರೀ, ಮುಖ ಯಾಕೆ ಹೀಗೆ ಮಾಡ್ಕೊಂಡಿದ್ದೀರಿ? ಬದುಕಿದಳಲ್ಲ."

"ಸಾಕು ಬಿಡು. ಇನ್ನು ಕೆಲಸ ಗಿಲಸ ಏನೂ ಬೇಡ. ಮನೇಲಿರಲಿ. ನಾನಿದ್ದೀನಿ."

"ಅವಳನ್ನ ಕೇಳಿದ್ರಾ?"

ಅವನು ಚಪ್ಪಲಿ ಮೆಟ್ಟಿ ಔಷಧಿ ತರಲು ಹೊರಟ.

ತಪಾಸಣೆಯ ದಿನ ಮ್ಯಾನೇಜರ ಕೋಣೆಗೆ ನಗರಸಭೆಯ ಡಾಕ್ಟರಮ್ಮ ಬಂದರು. ವಯಸ್ಸಾದ, ಸುಸ್ತಾದ ಮುಖದ ಹೆಂಗಸು. ಬೆಳಗಿನಿಂದ ಯಾರ್ಯಾರ ಎದೆಗೋ ಕಿವಿಗೊಟ್ಟು ಬಂದಿದ್ದರು. ತಂಗಿ ಎಡಗೈಯನ್ನು ಮಡಿಲಲ್ಲಿಟ್ಟು ಅದೇ ಕುರ್ಚಿಯಲ್ಲಿ ಕೂತಳು. ಅಣ್ಣ ಪಕ್ಕದಲ್ಲಿ ನಿಂತ. ಬಾಗಿಲಾಚೆ ತೊಳೆಯುವ ಹೆಂಗಸರೆಲ್ಲ ಬ್ರಷ್ ಹಿಡಿದೇ ಬಂದು ನೆರೆದಿದ್ದರು. ಹೋಗಿ ಎಂದು ಮ್ಯಾನೇಜರು ಕೈ ಬೀಸಿದರು. ಯಾರೂ ಹೋಗಲಿಲ್ಲ.

"ಇನ್ನೂ ಇಲ್ಲಿ ಕೆಲಸ ಮಾಡೋ ಮನಸ್ಸಿದೆಯಾ ಅಂತ ಕೇಳಿ," ಎಂದರು ಡಾಕ್ಟರಮ್ಮ.

ಕಂಡಕ್ಟರ್ ತಂಗಿಯ ಕಡೆ ತಿರುಗಿದ. 'ಹೆಗಲು ಇನ್ನೂ ನೋಯುತ್ತಾ ಅಂತ ಕೇಳ್ತಿದ್ದಾರೆ.'

ಅವಳು ಎಡಗೈಯೊಂದರಲ್ಲೇ ಹೇಳಿದಳು, 'ಸ್ವಲ್ಪ. ಕಟ್ಟು ಬಿಚ್ಚಿದ ದಿನವೇ ಬರ್ತೀನಿ ಅಂತ ಹೇಳು. ನನ್ನ ಬ್ರಷ್ ಯಾರಿಗೂ ಕೊಡಬೇಡಿ ಅಂತ ಹೇಳು.'

"ಭಯ ಆಗುತ್ತಂತೆ ಡಾಕ್ಟ್ರೇ," ಎಂದ ಅಣ್ಣ. "ಇನ್ನು ಮನೇಲೇ ಇರ್ತೀನಿ ಅಂತಾಳೆ."

"ಅಯ್ಯೋ, ಎಂಥ ಸುಳ್ಳು!"

ರೇಡಿಯೋ ದನಿ. ಎಲ್ಲರೂ ಬಾಗಿಲತ್ತ ತಿರುಗಿದರು. ತಂಗಿಗೆ ದನಿ ಕೇಳಿಸಲಿಲ್ಲ, ತಿರುಗಿದ ತಲೆಗಳು ಕಂಡವು, ಅವಳೂ ತಿರುಗಿದಳು.

"ಅವಳು ಹಾಗೆ ಹೇಳಲೇ ಇಲ್ಲ ಡಾಕ್ಟ್ರೇ! ಕಟ್ಟು ಬಿಚ್ಚಿದ ದಿನಾನೇ ಬರ್ತೀನಿ ಅಂದಳು. ಬ್ರಷ್ ಯಾರಿಗೂ ಕೊಡಬೇಡಿ ಅಂದಳು. ನಮಗೆಲ್ಲ ಕಂಡಿತು. ಕೇಳಿ ಬೇಕಾದ್ರೆ ದೊಡ್ಡಕ್ಕನ್ನ!"

ದೊಡ್ಡಕ್ಕ ಮೆಲ್ಲಗೆ ಒಳಗೆ ಬಂದಳು. ಅವಳು ಕಂಡಕ್ಟರನ್ನು ಬೈಯಲಿಲ್ಲ. "ಹೌದು ಡಾಕ್ಟ್ರೇ. ಅವಳು ಹೇಳಿದ್ದು ಅದೇ," ಎಂದಳಷ್ಟೆ.

ಕಂಡಕ್ಟರ್ ಜನ್ಮದಲ್ಲಿ ಮೊದಲ ಸಲ ಮಾತಿಗೆ ತಡಕಾಡಿದ. ಅವನ ತಂಗಿ ಅವನನ್ನೂ ಬಾಗಿಲನ್ನೂ ನೋಡಿ, ಏನೋ ನಡೆದಿದೆ ಎಂದು ಅರಿತು, ರೇಡಿಯೋ ಕಡೆಗೆ ಹುಬ್ಬು ಹಾರಿಸಿದಳು. ರೇಡಿಯೋ ಬ್ರಷ್ಷನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಎಲ್ಲವನ್ನೂ ಹೇಳಿದಳು: ಡಾಕ್ಟರಮ್ಮ ಕೇಳಿದ್ದು ಏನು, ಅಣ್ಣ ಹೇಳಿದ್ದು ಏನು. ಹೇಳುತ್ತ ಹೇಳುತ್ತ ಬೆರಳನ್ನು ಹುಬ್ಬಿಗೂ ತುಟಿಗೂ ಒಯ್ದು, ಊದುವ ಸನ್ನೆ ಮಾಡಿಬಿಟ್ಟಳು. ಆ ದಿನ ಸೀಟಿ ಯಾರ ಬಾಯಲ್ಲಿತ್ತು ಎಂಬುದೂ ಹೀಗೆ ಹೊರಬಿತ್ತು.

ತಂಗಿ ಬಹಳ ಹೊತ್ತು ಅಣ್ಣನನ್ನು ನೋಡಿದಳು. ಆಮೇಲೆ ಎಡಗೈಯ ಬೆನ್ನಿನಿಂದ ಅವನನ್ನು ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿ, ಡಾಕ್ಟರಮ್ಮನಿಗೆ ನೇರವಾಗಿ ಎದುರಾಗಿ ಕೂತು ಕೈಯೆತ್ತಿದಳು. ರೇಡಿಯೋ ಒಳಗೆ ಬಂದು ಅವಳ ಬೆರಳುಗಳನ್ನೇ ನೋಡುತ್ತ, ಅಂದು ಮಾತ್ರ ತನ್ನದೊಂದು ಮಾತನ್ನೂ ಸೇರಿಸದೆ ಹೇಳಿದಳು.

"ನನಗೆ ಕೇಳಿಸೋದಿಲ್ಲ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದ್ರೂ ಊದಿದ. ನನಗೆ ಕಾಣಿಸೋ ಹಾಗೆ ಮಾಡಿ. ನಾನು ನೋಡ್ತೀನಿ. ನನಗಿಂತ ಚೆನ್ನಾಗಿ ನೋಡೋರು ಈ ಡಿಪೋದಲ್ಲಿ ಯಾರಿದ್ದಾರೆ?"

"ಒಬ್ಬಳಿಗೋಸ್ಕರ ಇಡೀ ಡಿಪೋ ಬದಲಾಯಿಸೋಕಾಗುತ್ತಾ?" ಎಂದರು ಮ್ಯಾನೇಜರು.

"ಒಬ್ಬಳಿಗೆ ಅಂತ ಯಾಕಂತೀರಿ ಸಾರ್," ಎಂದಳು ದೊಡ್ಡಕ್ಕ. "ಹೋದ ವರ್ಷ ನಮ್ಮ ಫಿಟ್ಟರನ ಪಾದ ಚಕ್ರಕ್ಕೆ ಸಿಕ್ಕಿತಲ್ಲ, ಅವನ ಕಿವಿ ಚೆನ್ನಾಗೇ ಇತ್ತು."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಎದ್ದು ಕಿಟಕಿ ತೆರೆದರು. ಎಂಜಿನ್ನು, ತಗಡು, ಪಂಪು ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವು. ಅವರು ಮ್ಯಾನೇಜರಿಗೆ ಏನೋ ಹೇಳಿದರು. ಮ್ಯಾನೇಜರು ಕಿವಿಯ ಹಿಂದೆ ಅಂಗೈ ಇಟ್ಟು, "ಆಂ?" ಎಂದರು. ಬಾಗಿಲಲ್ಲಿದ್ದ ಹೆಂಗಸರೆಲ್ಲ ಘೊಳ್ಳೆಂದು ನಕ್ಕರು.

ಅದಾದ ಮೇಲೆ ತೊಳೆಯುವ ಅಂಗಳದಲ್ಲಿ ಸೀಟಿ ಊದುವುದು ನಿಂತಿತು. ಬಸ್ಸು ಹಿಂದಕ್ಕೆ ಬರಬೇಕಾದರೆ ಕಂಡಕ್ಟರ್ ಕೆಳಗಿಳಿದು ಕೆಂಪು ಬಟ್ಟೆ ಎತ್ತಿ ಹಿಡಿಯಬೇಕು. ಅಂಗಳದಲ್ಲಿರುವ ಪ್ರತಿಯೊಬ್ಬರೂ ಕಂಡೆ ಎಂದು ಕೈಯೆತ್ತಿ ತೋರಿಸುವ ತನಕ ಡ್ರೈವರ್ ಗೇರಿಗೆ ಕೈಹಾಕುವಂತಿಲ್ಲ. ಡ್ರೈವರುಗಳು ಮೊದಮೊದಲು ಗೊಣಗಿದರು, ಇದೇನು ಶಾಲೇಲಿ ಹಾಜರಿ ಹೇಳಿದ ಹಾಗೆ ಅಂದರು. ಆಮೇಲೆ ಅವರಿಗೇ ಅಭ್ಯಾಸವಾಯಿತು.

ಮನೆಯಲ್ಲಿ ಮಾತ್ರ ಮಾತು ನಿಂತುಹೋಯಿತು. ತಂಗಿ ಮುನಿಸಿಕೊಂಡರೆ ಕಣ್ಣು ಮುಚ್ಚುತ್ತಿದ್ದಳು. ಅವಳು ಕಣ್ಣು ಮುಚ್ಚಿದಳೆಂದರೆ ಎದುರಿಗಿದ್ದವನಿಗೆ ದಾರಿಯೇ ಇಲ್ಲ. ಕೂಗಿ ಕರೆಯುವಂತಿಲ್ಲ, ಬಾಗಿಲಾಚೆಯಿಂದ ಕ್ಷಮೆ ಕೇಳುವಂತಿಲ್ಲ. ಅಣ್ಣ ಎದುರಿಗೆ ಬಂದು ಕೈಯೆತ್ತಿದರೆ ಸಾಕು, ರೆಪ್ಪೆಗಳು ಕೆಳಗಿಳಿಯುತ್ತಿದ್ದವು. ಅವನು ಎತ್ತಿದ ಕೈಯನ್ನು ತಲೆ ಕೆರೆದುಕೊಳ್ಳುವವನಂತೆ ಮಾಡಿ ಇಳಿಸುತ್ತಿದ್ದ. ಬಸ್ಸಿನಲ್ಲೂ ಅವನ ತಮಾಷೆಗಳು ಕಡಿಮೆಯಾದವು. ಆರೋಗ್ಯ ಸರಿಯಿಲ್ಲವೇ ಎಂದು ದಿನವೂ ಬರುವ ಪ್ರಯಾಣಿಕರು ಕೇಳುವಂತಾಯಿತು.

ಕಟ್ಟು ಬಿಚ್ಚಿದ ಮೇಲೆ ಬಂದ ರಜೆಯ ದಿನ, ಮಧ್ಯಾಹ್ನದ ಊಟ ಮುಗಿದು ಅತ್ತಿಗೆ ಮಗುವನ್ನು ಮಲಗಿಸಲು ಹೋಗಿದ್ದಳು. ತಂಗಿ ತಟ್ಟೆಗಳನ್ನು ಎತ್ತಿಟ್ಟು ಬಂದು, ಮೇಜಿನ ಆಚೆ ಬದಿಗೆ ಅಣ್ಣನ ಎದುರಾಗಿ ಕೂತಳು. ಬಲಗೈ ಇನ್ನೂ ಸೆಟೆದುಕೊಂಡಿತ್ತು. ಆದರೂ ಅದನ್ನೂ ಎತ್ತಿದಳು.

'ಇಷ್ಟು ವರ್ಷ ಎಲ್ಲರೂ ಏನೇನು ಹೇಳಿದರೋ ಅದನ್ನೆಲ್ಲ ಈಗ ಹೇಳು. ಅವರು ಹೇಳಿದ ಹಾಗೇ.'

'ಯಾಕೆ? ಮುಗಿದು ಹೋಯ್ತಲ್ಲ.'

'ಅದು ನನ್ನ ಮಾತು. ನೀನು ಇಟ್ಕೊಂಡಿದ್ದೀಯ. ಕೊಡು.'

ಅವನು ಅಡುಗೆಮನೆಯ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. ಅವಳು ಕಣ್ಣು ಮುಚ್ಚದೆ ಕಾಯುತ್ತ ಕೂತಿದ್ದಳು. ಕೊನೆಗೆ ಶುರು ಮಾಡಿದ. ತೋಟದವನು, ಮೂಗಿ ಹುಡುಗಿಗೆ ಸಸಿ ನೆಡೋಕೆ ಹೇಳಿದರೆ ಬುಡ ಮೇಲೆ ಮಾಡಿ ನೆಟ್ಟಾಳು ಅಂದಿದ್ದ. ಅದಕ್ಕೆ ಅವಳು ತಲೆಯಾಡಿಸಿದಳು. 'ಗೊತ್ತು. ಅವನು ಪಕ್ಕದವನಿಗೆ ಕಣ್ಣು ಹೊಡೆದ.' ಗ್ರಂಥಾಲಯದವರು, ಕೆಲಸ ಬೇಕಾದವರೆಲ್ಲ ಮನೇಲಿ ಇಂಥ ಒಂದನ್ನ ಇಟ್ಕೊಂಡು ಕನಿಕರ ಕೇಳೋಕೆ ಬರ್ತಾರೆ ಅಂದಿದ್ದರು. ಅದನ್ನು ಹೇಳುವಾಗ ಅವನ ಬೆರಳುಗಳು ತಡೆದು ತಡೆದು ಬಂದವು. 'ಇಂಥ ಒಂದು' ಎಂಬುದಕ್ಕೆ ಅಡುಗೆಮನೆಯಲ್ಲಿ ಕಟ್ಟಿದ ಆ ಮಾತಿನಲ್ಲಿ ಸನ್ನೆಯೇ ಇರಲಿಲ್ಲ. ಎಸೆಯುವ ವಸ್ತುವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುವಂತೆ ಮಾಡಿ ತೋರಿಸಿದ.

ಅವಳ ಮುಖ ಕೊಂಚ ಬಿಗಿಯಿತು. 'ಮುಂದೆ.'

'ಆಸ್ಪತ್ರೆ. ಆ ಹೆಂಗಸು… ಕಿವುಡರನ್ನ ಇಲ್ಲಿಗೆ ಕರ್ಕೊಂಡು ಬರಬೇಡಿ, ಮೊದಲು ಹೊರಗೆ ನಡೀರಿ ಅಂದಳು.'

'ನನ್ನ ತೋಳಿನ ವಿಷಯ?'

'ಅವಳು ತೋಳಿನ ವಿಷಯ ಎತ್ತಲೇ ಇಲ್ಲ. ಅದು ನಾನು ಹೇಳಿದ್ದು.'

ತಂಗಿಯ ಕಣ್ಣು ತನ್ನ ತೋಳುಗಳ ಮೇಲೆ ಇಳಿಯಿತು, ಮೊಣಕೈ, ಮಣಿಕಟ್ಟು, ಬೆರಳು. ಆಮೇಲೆ ಮೆಲ್ಲಗೆ ಹೇಳಿದಳು, 'ಆ ವರ್ಷವೆಲ್ಲ ನಾನು ನೀರು ತುಂಬಿದ ಎರಡು ಬಕೆಟ್ ಹಿಡಿದು ಹಿತ್ತಲಲ್ಲಿ ಓಡಾಡ್ತಿದ್ದೆ. ನೀನು ನೋಡಿದ್ದೀಯ.'

ಅವನು ನೋಡಿದ್ದ. ಸಂಜೆ ಸಂಜೆ ಹಿತ್ತಲ ಕಲ್ಲುಹಾಸಿನ ಮೇಲೆ ಈ ತುದಿಯಿಂದ ಆ ತುದಿಗೆ ಅವಳು ಬಕೆಟ್ ಹೊತ್ತು ತಿರುಗುವುದನ್ನು ಕಂಡು, ಹುಚ್ಚು ಹುಡುಗಿ, ಗಿಡಕ್ಕೆ ನೀರು ಹಾಕೋದನ್ನೂ ಆಟ ಮಾಡ್ಕೊಂಡಿದ್ದಾಳೆ ಎಂದು ಹೆಂಡತಿಯ ಹತ್ತಿರ ನಕ್ಕಿದ್ದ. ಈಗ ಮೇಜಿನ ಮೇಲೆ ಎರಡು ಮೊಣಕೈ ಊರಿ ಮುಖವನ್ನು ಅಂಗೈಗಳಲ್ಲಿ ಹುದುಗಿಸಿಕೊಂಡ. ಅವನ ಕೈಗಳು ಮುಖದ ಮೇಲಿದ್ದಷ್ಟು ಹೊತ್ತು ಅವನೂ ಮಾತಿಲ್ಲದವನೇ.

ಅವಳು ಕೈಚಾಚಿ ಅವನ ಕೈಗಳನ್ನು ಮುಖದಿಂದ ಕೆಳಗಿಳಿಸಿದಳು.

'ಇನ್ನೂ ಇದೆಯಾ?'

'ಇದೆ.'

'ಹೇಳು.'

ಮಗು ನಿದ್ದೆ ಮುಗಿಸಿ ಎದ್ದು ಬರುವ ತನಕ ಅವನು ಹೇಳಿದ. ಕೆಲವಕ್ಕೆ ಅವಳು ಅತ್ತಳು, ಒಂದೆರಡಕ್ಕೆ ನಕ್ಕೂಬಿಟ್ಟಳು. ಡಿಪೋ ಚೊಕ್ಕಟವಾಗಿದೆ ಎಂದು ತಾನು ಹೇಳಿದ್ದಾಗಿ ಮ್ಯಾನೇಜರು ಈಗಲೂ ನಂಬಿದ್ದಾರೆಂದು ತಿಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಅತ್ತಿಗೆ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿ, ಏನೂ ಕೇಳದೆ ಒಲೆ ಹಚ್ಚಿದಳು.

ಕೆಲಸ ಕಾಯಂ ಆಯಿತು. ದೊಡ್ಡಕ್ಕ ನಿವೃತ್ತಳಾದ ದಿನ ಸಾಲಿನ ಹೆಂಗಸರೆಲ್ಲ ಒಂದು ಬಸ್ಸನ್ನು ಅವಳಿಗಾಗಿಯೇ ಫಳಫಳ ತೊಳೆದು, ಮನೆಯ ತನಕ ಅದರಲ್ಲೇ ಬಿಟ್ಟು ಬಂದರು. ಆ ಬಸ್ಸುಗಳು ಒಂದೊಂದಾಗಿ ಗುಜರಿಗೆ ಹೋದವು. ನಗರಸಭೆ ಬಸ್ ಓಡಿಸುವುದನ್ನು ಬೇರೆಯವರಿಗೆ ಒಪ್ಪಿಸಿತು. ಈಗ ತೊಳೆಯುವುದಕ್ಕೆ ಯಂತ್ರವಿದೆ. ಬಸ್ಸು ಒಳಗೆ ಹೋಗಿ ಆಚೆಯಿಂದ ಬರುತ್ತದೆ. ಡಿಪೋ ಇದ್ದ ಜಾಗದಲ್ಲಿ ಕಾರು ನಿಲ್ಲಿಸುವ ಮಹಡಿ ಮಹಡಿ ಕಟ್ಟಡ ಎದ್ದಿದೆ. ಅಲ್ಲಿ ಕೆಲಸ ಮಾಡಿದವರು ಎಲ್ಲೆಲ್ಲೋ ಚೆದುರಿಹೋದರು. ಅವರಲ್ಲಿ ಕೆಲವರು ಇವತ್ತಿಗೂ ಅಂಗಡಿಯಲ್ಲಿ ಸೋಪು ಕೇಳುವಾಗ ತಮಗೆ ಗೊತ್ತಿಲ್ಲದೆ ಎರಡು ಅಂಗೈ ಉಜ್ಜುತ್ತಾರೆ.

ಈಚೆಗೆ ಒಂದು ದಿನ ಅಣ್ಣ ತಂಗಿ ಇಬ್ಬರೂ ಪೇಟೆಗೆ ಹೋಗಿದ್ದರು. ಇಬ್ಬರ ತಲೆಯೂ ನೆರೆತಿದೆ. ಅವಳಿಗೆ ಹೊಸ ಕನ್ನಡಕ ಹಾಕಿಸಿ, ತರಕಾರಿ ಕೊಂಡು, ಅಗಲವಾದ ರಸ್ತೆಯೊಂದನ್ನು ದಾಟಲು ನಿಂತಿದ್ದರು. ವಾಹನಗಳ ಸಾಲು ಮುಗಿಯುವ ಹಾಗೇ ಕಾಣುತ್ತಿರಲಿಲ್ಲ. ತಂಗಿ ಇದ್ದಕ್ಕಿದ್ದಂತೆ ಅವನ ತೋಳು ತಿವಿದಳು. ರಸ್ತೆಯ ಆ ಬದಿಯಲ್ಲಿ, ಔಷಧಿ ಅಂಗಡಿಯ ಮೆಟ್ಟಿಲ ಮೇಲೆ, ಕೋಲು ಹಿಡಿದ ಒಬ್ಬ ಮುದುಕಿ. ಅವಳೂ ಇವರನ್ನು ಕಂಡಿದ್ದಳು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈ ಮೇಲೆತ್ತಿದಳು. ರೇಡಿಯೋ.

ತಂಗಿ ತರಕಾರಿ ಚೀಲವನ್ನು ಅಣ್ಣನ ಕೈಗೆ ತುರುಕಿದಳು.

ನಡುವೆ ಕಾರು, ಲಾರಿ, ಬೈಕು ಹಾರ್ನ್ ಹೊಡೆಯುತ್ತ ಹರಿಯುತ್ತಿದ್ದವು. ಅವುಗಳ ತಲೆಯ ಮೇಲಿಂದ ಇಬ್ಬರು ಮುದುಕಿಯರೂ ಮಾತಿಗೆ ಬಿದ್ದರು. ಕೈಗಳು ಹಾರಿದವು, ತಿರುಗಿದವು, ಎದೆ ಬಡಿದುಕೊಂಡವು. ಅಣ್ಣನಿಗೆ ಮಂಡಿನೋವು ತಿಳಿಯಿತು, ಮೊಮ್ಮಗಳು ತಿಳಿಯಿತು, ದೊಡ್ಡಕ್ಕ ತಿಳಿಯಿತು. ಉಳಿದದ್ದು ತಿಳಿಯಲಿಲ್ಲ, ತುಂಬ ವೇಗವಾಗಿತ್ತು, ಅದರಲ್ಲಿ ಅವನು ಕಾಣದ ಸನ್ನೆಗಳೇ ಹೆಚ್ಚು. ಯಾವುದೋ ಮಾತಿಗೆ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಏನೆಂದು ಅವನು ಕೇಳಲಿಲ್ಲ. ರಸ್ತೆ ದಾಟುವ ದೀಪ ಹಸಿರಾಯಿತು, ಮತ್ತೆ ಕೆಂಪಾಯಿತು.

ಉದ್ದನೆಯ ಬಸ್ಸೊಂದು ಬಂದು ಇಬ್ಬರ ನಡುವೆ ನಿಂತಿತು. ತಂಗಿ ಕೈಗಳನ್ನು ಎತ್ತಿದ ಹಾಗೇ ಹಿಡಿದು ಕಾದಳು. ಅಣ್ಣ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಬಸ್ಸು ಜನರನ್ನು ಇಳಿಸಿ, ಹತ್ತಿಸಿಕೊಂಡು, ನಿಧಾನವಾಗಿ ಮುಂದೆ ಸರಿಯಿತು. ಆಚೆ ಮೆಟ್ಟಿಲ ಮೇಲೆ ರೇಡಿಯೋಳ ಕೈಗಳು ಯಾರಿಗಾಗಿಯೂ ಕಾಯದೆ ಆಗಲೇ ಅರ್ಧ ಮಾತಿನಲ್ಲಿದ್ದವು.